ಹತ್ತನೆಯ ತರಗತಿಗೆ ಬಂದವರು, ಬಾರದವರು

ಪಾವಗಡ ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರಪ್ರದೇಶದ ನೆಲ. ನಾನು ಓದಿದ ಇಲ್ಲಿನ ಸರ್ಕಾರಿ ಪ್ರೌಢಶಾಲೆಯ ನಮ್ಮ ತರಗತಿಯಲ್ಲಿ ಮನೆಯಲ್ಲಿ ತೆಲುಗು ಮಾತನಾಡುವವರೇ ಹೆಚ್ಚಾಗಿದ್ದರು. ಎಸ್.ಎಸ್.ಎಲ್.ಸಿ.ಯಲ್ಲಿ ಮಾತ್ರ ಕನ್ನಡವೇ ಪ್ರಥಮ ಭಾಷೆ; ಒಟ್ಟು 625 ಅಂಕಗಳಲ್ಲಿ 125 ಅದರದೇ. ನಮ್ಮ ಕನ್ನಡ ಮೇಷ್ಟ್ರು ಹಳಗನ್ನಡ ಪದ್ಯದ ಕಥೆಯನ್ನು ಮೊದಲು ತೆಲುಗಿನಲ್ಲಿ ಹೇಳಿ, ನಮ್ಮ ಕಣ್ಣು ಅರಳಿದ ಮೇಲೆ ಒಂದೊಂದೇ ಪದ ಬಿಡಿಸುತ್ತಿದ್ದರು. ಷಟ್ಪದಿಗೆ ಪ್ರಸ್ತಾರ ಹಾಕುವುದನ್ನು ನಾವು ಕಲಿತದ್ದು ಜಗಲಿಯ ನೆಲದ ಮೇಲೆ, ಸೀಮೆಸುಣ್ಣದಿಂದ ಲಘು ಗುರು ಗುರುತಿಸುತ್ತಾ. ಸಂಜೆಯ ವಿಶೇಷ ತರಗತಿ ಮುಗಿಸಿ ಅವರು ಕೊನೆಯ ಬಸ್ಸಿಗೆ ಓಡುತ್ತಿದ್ದರು. ಅವರ ಋಣ ದೊಡ್ಡದು.

ಎಂಟನೆಯ ತರಗತಿಗೆ ಸೇರಿದ ಎಲ್ಲರೂ ಹತ್ತಕ್ಕೆ ಬರಲಿಲ್ಲ. ಕಡಲೆಕಾಯಿ ಕೀಳುವ ಕಾಲದಲ್ಲಿ ಬೆಂಚುಗಳು ಖಾಲಿಯಾಗುತ್ತಿದ್ದವು. ಕೆಲವರು ಹಿಂದಿರುಗುತ್ತಿದ್ದರು, ಇನ್ನು ಕೆಲವರು ಅಪ್ಪ ಅಮ್ಮನೊಂದಿಗೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ಅಲ್ಲಿಯೇ ಉಳಿದರು. ಹೆಣ್ಣುಮಕ್ಕಳಿಗೆ ದೂರದ ನಡಿಗೆಯೇ ದೊಡ್ಡ ಅಡ್ಡಿ. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸರ್ಕಾರದ ಸೈಕಲ್ ಬರತೊಡಗಿದ ಮೇಲೆ ಪಕ್ಕದ ಹಳ್ಳಿಗಳ ಹುಡುಗಿಯರು ಗುಂಪಾಗಿ ಬರುವುದನ್ನು ನಾನು ಕಣ್ಣಾರೆ ಕಂಡೆ. ಸರ್ಕಾರಿ ಯೋಜನೆಗಳ ಬಗ್ಗೆ ಹಗುರವಾಗಿ ಮಾತನಾಡುವವರು ಆ ದಾರಿಯನ್ನು ಒಮ್ಮೆ ನಡೆದು ನೋಡಬೇಕು.

ಊರು ಈಗ ಬೇರೆಯಾಗಿದೆ. ನಮ್ಮ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಬಂದಿತು. ಜಮೀನಿದ್ದವರಿಗೆ ಗುತ್ತಿಗೆ ಹಣ ಸಿಕ್ಕಿತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ತಪ್ಪಿತು. ಸ್ವಲ್ಪ ಅನುಕೂಲವಿರುವ ಮನೆಯ ಮಕ್ಕಳು ಖಾಸಗಿ ಶಾಲೆಯ ವಾಹನ ಹತ್ತುತ್ತಾರೆ. ಸರ್ಕಾರಿ ಶಾಲೆಯಲ್ಲಿ ಉಳಿದಿರುವವರು ಹೆಚ್ಚಾಗಿ ಕೂಲಿಕಾರರ, ಕುರಿ ಸಾಕುವವರ ಮಕ್ಕಳು. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದ ಇವರ ಫಲಿತಾಂಶವನ್ನು ಪಟ್ಟಣದ ಶಾಲೆಯ ಫಲಿತಾಂಶದ ಪಕ್ಕದಲ್ಲಿಟ್ಟು ತೂಗುವುದು ನನಗೆ ಅನ್ಯಾಯವೆನಿಸುತ್ತದೆ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಾಗ ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ನಕಲು ನಿಲ್ಲಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಣ್ಣ ಶಾಲೆಯ ಶೇಕಡಾವಾರನ್ನು ಓದುವ ರೀತಿಯೂ ಬದಲಾಗಬೇಕು. ಇಪ್ಪತ್ತು ಮಕ್ಕಳು ಪರೀಕ್ಷೆ ಬರೆದರೆ ಒಬ್ಬ ಬಾಲಕ ಗಣಿತದಲ್ಲಿ ಹಿಂದುಳಿದರೂ ಶೇ. 5 ಕುಸಿಯುತ್ತದೆ. ಮಧುಗಿರಿಯ ಶಿಕ್ಷಣ ಇಲಾಖೆ ಉಪನಿರ್ದೇಶಕರ ಕಚೇರಿಯ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಆ ಒಬ್ಬನಿಗಾಗಿ ಉತ್ತರ ಕೊಡಬೇಕಾಗುತ್ತದೆ. ಒಂಬತ್ತರಲ್ಲೇ ಶಾಲೆ ಬಿಟ್ಟ ಹುಡುಗಿಯಾದರೋ ಆ ಲೆಕ್ಕಕ್ಕೆ ಬರುವುದೇ ಇಲ್ಲ. ನೂರಕ್ಕೆ ನೂರು ಬಂದ ವರ್ಷದಲ್ಲಿಯೂ ಅವಳು ಬರುವುದಿಲ್ಲ.

ಆದ್ದರಿಂದ ಶಾಲಾಭಿವೃದ್ಧಿ ಸಮಿತಿಯಲ್ಲಿ ನನ್ನದೊಂದು ಕೋರಿಕೆ. ಪ್ರತಿ ವರ್ಷ ಉತ್ತೀರ್ಣರಾದವರ ಶೇಕಡಾವಾರಿನ ಜೊತೆಗೆ, ಎಂಟಕ್ಕೆ ಸೇರಿದ ಆ ತಂಡದಲ್ಲಿ ಎಷ್ಟು ಮಂದಿ ಹತ್ತರವರೆಗೆ ಬಂದರು ಎಂಬುದನ್ನೂ ಶಾಲೆಯ ಈ ಸಂಚಿಕೆಯಲ್ಲಿ ಅಚ್ಚು ಮಾಡಿ. ದಾಖಲಾತಿ ಪುಸ್ತಕದಲ್ಲಿ ಆ ಹೆಸರುಗಳೆಲ್ಲ ಇವೆ. ಬಿಟ್ಟವರ ಮನೆಗಳಿಗೆ ಹೋಗಿ ಮಾತನಾಡಿಸಲು ಹಳೆಯ ವಿದ್ಯಾರ್ಥಿಗಳಾದ ನಾವು ಬರುತ್ತೇವೆ. ಜೂನ್ ತಿಂಗಳ ದಾಖಲಾತಿ ಆಂದೋಲನದ ವೇಳೆಗೆ ಪಟ್ಟಿ ಕೈಸೇರಿದರೆ ಸಾಕು.