ಚೌಕದ ನಡುವಿನ ಖಾಲಿ ಜಾಗ

ಐದು ನಿಮಿಷದ ಕೆಲಸಕ್ಕೆಂದು ಅಂಗಡಿ ಚೌಕಕ್ಕೆ ಹೋಗಿ ಒಂದು ಗಂಟೆ ಕಳೆದು ಬರುವುದು ನನ್ನ ಹಳೆಯ ದೌರ್ಬಲ್ಯ. ಕೈಗಡಿಯಾರದ ಪಟ್ಟಿ ಬದಲಾಯಿಸಲು ಕೊಟ್ಟು ಹೊರಬಂದರೆ ಎದುರಿಗೊಂದು ಬೆಂಚು. ಅದರ ಒಂದು ತುದಿ ಬಿಸಿಲಿನಲ್ಲಿ, ಇನ್ನೊಂದು ತುದಿ ಮರದ ನೆರಳಿನಲ್ಲಿ. ನೆರಳು ಸರಿದಂತೆಲ್ಲ ಕೂತವರೂ ಒಂದೊಂದು ಗೇಣು ಸರಿಯುವುದನ್ನು ನೋಡುತ್ತ, ಪಟ್ಟಿಯ ವಿಷಯವನ್ನೇ ನಾನು ಮರೆತದ್ದುಂಟು. ಈ ಮರೆವಿಗೆ ಕಾರಣ ಅಂಗಡಿಗಳಲ್ಲ, ಅವು ಸುತ್ತುವರಿದಿರುವ ಬಯಲು ಎಂಬುದು ನನ್ನ ಅನುಮಾನ.

ಅಂಗಡಿಗಳನ್ನು ಸಾಲಾಗಿ ಕಟ್ಟಿ, ಅವುಗಳ ಮುಂದೆ ಜನ ನಿಲ್ಲುವಷ್ಟು ಜಾಗ ಬಿಡುವ ಪದ್ಧತಿ ಬಹಳ ಹಳೆಯದು. ಅಥೆನ್ಸಿನ ಅಗೋರಾ ಎಂಬ ಪೇಟೆ ಬಯಲಿನ ಪೂರ್ವದ ಅಂಚಿನಲ್ಲಿ ಕ್ರಿ.ಪೂ. 2ನೆಯ ಶತಮಾನದಲ್ಲಿ ಎದ್ದ ಅಟ್ಟಾಲೋಸನ ಸ್ಟೋವಾ ಎರಡು ಅಂತಸ್ತಿನ ಕಟ್ಟಡ. ಅದರ ಒಂದೊಂದು ಅಂತಸ್ತಿನಲ್ಲಿಯೂ 21 ಅಂಗಡಿಗಳಿದ್ದವು, ಅವುಗಳ ಮುಂದೆ ಉದ್ದಕ್ಕೂ ಕಂಬಸಾಲಿನ ಮೊಗಸಾಲೆಯಿತ್ತು. ಕೊಳ್ಳುವವನಿಗೂ ಸುಮ್ಮನೆ ಹರಟುವವನಿಗೂ ಅಲ್ಲಿ ಸಿಗುತ್ತಿದ್ದದ್ದು ಒಂದೇ ನೆರಳು.

ಬಡಾವಣೆಯ ಚೌಕವೆಂದು ನಾವು ಇಂದು ಗುರುತಿಸುವ ರೂಪಕ್ಕೆ ಅಮೆರಿಕದ ಲೇಕ್ ಫಾರೆಸ್ಟಿನ ಮಾರ್ಕೆಟ್ ಸ್ಕ್ವೇರ್ ಒಳ್ಳೆಯ ಮಾದರಿ. ವಾಸ್ತುಶಿಲ್ಪಿ ಹೋವರ್ಡ್ ವಾನ್ ಡೋರೆನ್ ಶಾ ರೂಪಿಸಿದ ಆ ಚೌಕ 1916ರಲ್ಲಿ ರೈಲು ನಿಲ್ದಾಣದ ಎದುರಿಗೇ ಸಿದ್ಧವಾಯಿತು. ಮೂರು ಕಡೆ ಕಟ್ಟಡ, ನಿಲ್ದಾಣದ ಕಡೆಗೆ ತೆರೆದ ಮಗ್ಗುಲು, ನಡುವೆ ಹುಲ್ಲುಹಾಸು, ಕೆಳಗೆ ಅಂಗಡಿ, ಮೇಲೆ ಮನೆ. ಮನೆಗಳು ಮೇಲಿರುವುದು ಬರಿಯ ಜಾಣ್ಮೆಯ ಲೆಕ್ಕಾಚಾರವಲ್ಲ: ಅಂಗಡಿಯ ಬಾಗಿಲು ಬಿದ್ದ ಮೇಲೂ ಮಹಡಿಯ ಕಿಟಕಿಯಲ್ಲಿ ಬೆಳಕಿದ್ದರೆ ಚೌಕ ಹಾಳು ಸುರಿಯುವುದಿಲ್ಲ.

ನಡುವಿನ ಜಾಗವನ್ನು ಖಾಲಿ ಬಿಡಬೇಕೆಂಬ ಮಾತನ್ನು ವಿಯೆನ್ನಾದ ವಾಸ್ತುಶಿಲ್ಪಿ ಕಮಿಲ್ಲೊ ಸಿಟ್ಟೆ 1889ರಲ್ಲಿಯೇ ವಾದಿಸಿದ್ದ. ಹಳೆಯ ಚೌಕಗಳಲ್ಲಿ ಪ್ರತಿಮೆ, ಕಾರಂಜಿಗಳು ಏಕೆ ಪಕ್ಕಕ್ಕೆ ಸರಿದು ನಿಂತಿವೆ ಎಂಬುದಕ್ಕೆ ಅವನು ಮಕ್ಕಳು ಮಾಡುವ ಹಿಮಮಾನವನ ಉದಾಹರಣೆ ಕೊಡುತ್ತಾನೆ: ಜನ ತುಳಿದು ದಾರಿಯಾಗದೆ ಉಳಿದ ಕಡೆಯಲ್ಲಿಯೇ ಮಕ್ಕಳು ಅದನ್ನು ನಿಲ್ಲಿಸುತ್ತಾರೆ. ನಕ್ಷೆ ಬರೆಯುವವನಿಗಿಂತ ನಡೆಯುವವನ ಕಾಲಿಗೆ ಹೆಚ್ಚು ತಿಳಿದಿರುತ್ತದೆ ಎಂದು ನಾನೂ ನಂಬುತ್ತೇನೆ.

ಕಾಲಿನ ಈ ತಿಳಿವಳಿಕೆಗೆ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ಅಳತೆಯನ್ನೂ ಒದಗಿಸಿದ. ಮನುಷ್ಯನ ನಡಿಗೆಯ ವೇಗ ಗಂಟೆಗೆ ಸುಮಾರು 5 ಕಿಲೋಮೀಟರು. ಆ ವೇಗದಲ್ಲಿ ಹೋಗುವವನಿಗೆ ನಾಲ್ಕೈದು ಸೆಕೆಂಡಿಗೊಮ್ಮೆ ಹೊಸದೇನಾದರೂ ಕಾಣಬೇಕು, ಎದುರಿನವರ ಮುಖಭಾವ ತಿಳಿಯಲು ದೂರ ಸುಮಾರು 25 ಮೀಟರಿನೊಳಗಿರಬೇಕು. ಐದಾರು ಮೀಟರಿನ ಕಿರಿದಾದ ಅಂಗಡಿಮುಖಗಳು ಸಾಲುಗಟ್ಟಿದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಅದೇ ಉದ್ದಕ್ಕೆ ಒಂದೇ ಕುರುಡು ಗೋಡೆಯಿದ್ದರೆ, ಚಪ್ಪಲಿ ಕಚ್ಚುತ್ತಿರುವುದು ಅಲ್ಲಿಯೇ ನೆನಪಾಗುತ್ತದೆ.

ಕಾರು ಬಂದ ಮೇಲಿನ ಕತೆ ವಿಚಿತ್ರವಾದುದು. ಕ್ಯಾನ್ಸಸ್ ಸಿಟಿಯಲ್ಲಿ 1923ರಲ್ಲಿ ತೆರೆದ ಕಂಟ್ರಿ ಕ್ಲಬ್ ಪ್ಲಾಜಾವನ್ನು ಕಾರಿನಲ್ಲಿ ಬರುವವರನ್ನು ಗಮನದಲ್ಲಿಟ್ಟೇ ಕಟ್ಟಿದರು, ಆದರೂ ಬೀದಿ, ಗೋಪುರ, ಕಾರಂಜಿಗಳನ್ನು ಬಿಡಲಿಲ್ಲ. ಅಥೆನ್ಸಿನ ಸ್ಟೋವಾವನ್ನು ಪುನರ್ನಿರ್ಮಿಸಿ ತೆರೆದ 1956ರಲ್ಲಿಯೇ ಮಿನ್ನೆಸೋಟಾದಲ್ಲಿ ವಿಕ್ಟರ್ ಗ್ರುಯೆನ್ ರೂಪಿಸಿದ ಸೌತ್‌ಡೇಲ್ ಮಾಲ್ ಕೂಡ ತೆರೆಯಿತು. ವಿಯೆನ್ನಾದಲ್ಲಿ ಹುಟ್ಟಿ ಬೆಳೆದ ಗ್ರುಯೆನ್ ಬಯಸಿದ್ದು ತನ್ನ ಊರಿನಂಥ ನಡಿಗೆಯ ಪೇಟೆಯನ್ನೇ. ಆದರೆ ಚೌಕ ಚಾವಣಿಯ ಒಳಗೆ ಸೇರಿತು, ಸುತ್ತಲ ಬಯಲು ಕಾರುಗಳ ಪಾಲಾಯಿತು. ಕೊನೆಗಾಲದಲ್ಲಿ ಅವನು ಇಂಥ ಮಾಲುಗಳ ಪಿತೃತ್ವವನ್ನೇ ನಿರಾಕರಿಸಿದ.

ಅತ್ತ ಕೋಪನ್‌ಹೇಗನ್ನಿನಲ್ಲಿ 1962ರಲ್ಲಿ ಸ್ಟ್ರೋಯೆ ಬೀದಿಯಿಂದ ಕಾರುಗಳನ್ನು ಹೊರಗಿಟ್ಟಾಗ ವ್ಯಾಪಾರ ಮುಳುಗಿತೆಂದು ಅಂಗಡಿಯವರು ಗಾಬರಿಯಾದರು, ಆದರೆ ನಡೆದು ಬರುವವರು ಹೆಚ್ಚಿದರು. ಅಂಗಡಿಯ ಮುಂದೆ ಕಾರು ನಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂಬ ಅದೇ ವಾದವನ್ನು ನಾನು ಇವತ್ತಿಗೂ ಕೇಳುತ್ತೇನೆ. ಒಂದು ಕಾರು ನಿಲ್ಲುವ ಜಾಗದಲ್ಲಿ ಎರಡು ಬೆಂಚು ಹಾಕಬಹುದು ಎಂದು ಹೇಳಿ ನೋಡಿದ್ದೇನೆ; ಬೆಂಚಿನಲ್ಲಿ ಕೂತವನು ಏನು ಕೊಳ್ಳುತ್ತಾನೆ ಎಂದು ಮರುಪ್ರಶ್ನೆ ಬಂತು. ನನ್ನ ಮಟ್ಟಿಗೆ ಹೇಳುವುದಾದರೆ, ಪಟ್ಟಿ ಸಿದ್ಧವಾಗುವವರೆಗೆ ಕಾದ ಆ ಹೊತ್ತಿನಲ್ಲಿ ಒಂದು ಕೊಡೆ, ಎರಡು ಪುಸ್ತಕ ಕೊಂಡಿದ್ದೆ.