ಮನೆ ಪಂಚಾಯ್ತಿಯಲ್ಲಿದ್ದರೂ ಸಾಲ ಸಿಗುತ್ತದೆ

ಕಾರವಾರದ ರವಿವಾರದ ಸಂತೆಗೆ ಸೊಪ್ಪು, ತರಕಾರಿ ಹೊತ್ತು ತರುವ ಹೆಂಗಸರಲ್ಲಿ ತುಂಬಾ ಜನ ಪೇಟೆಯವರಲ್ಲ. ಅಮದಳ್ಳಿ, ಅಂಕೋಲಾ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರು. ಪಟ್ಟಣದ ಬೀದಿ ವ್ಯಾಪಾರಿಗಳಿಗೆಂದು ಕೇಂದ್ರ ಸರ್ಕಾರ ತಂದಿರುವ ಪಿಎಂ ಸ್ವನಿಧಿ ಸಾಲ ತಮಗಲ್ಲ ಅಂತಲೇ ಇವರಲ್ಲಿ ಎಷ್ಟೋ ಜನ ಅಂದುಕೊಂಡಿದ್ದಾರೆ.

ನನ್ನದು ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಹರಿವೆ, ಬಸಳೆ ಮಾರುವ ಅಕ್ಕ ಒಬ್ಬರು ಬಂದು, "ತಂಗಿ, ನಮ್ದು ಪಂಚಾಯ್ತಿಯಂತೆ, ಆಗೂದಿಲ್ಲಂತೆ" ಅಂದರು. ಯಾವುದೋ ಕಚೇರಿಯಲ್ಲಿ ಆಧಾರ್ ವಿಳಾಸ ನೋಡಿ ಹಾಗೇ ವಾಪಸ್ ಕಳಿಸಿದ್ದರು. ನನಗೆ ಸಿಟ್ಟೇ ಬಂತು. ಮನೆ ಎಲ್ಲಿದೆ ಅನ್ನುವುದಲ್ಲ, ವ್ಯಾಪಾರ ಎಲ್ಲಿ ಅನ್ನುವುದು ಮುಖ್ಯ. ಸುತ್ತಲಿನ ಹಳ್ಳಿಯಿಂದ ಬಂದು ಪಟ್ಟಣದೊಳಗೆ ಮಾರುವವರು, ಬೀದಿ ವ್ಯಾಪಾರಿಗಳ ಸರ್ವೆಯಲ್ಲಿ ಹೆಸರು ಬಿಟ್ಟುಹೋದವರು ಈ ಸಾಲಕ್ಕಾಗಿ ನಗರಸಭೆಯಿಂದ ಶಿಫಾರಸು ಪತ್ರ ಕೇಳಬಹುದು. 2020ರಲ್ಲಿ ಯೋಜನೆ ಬಂದಾಗಿನಿಂದಲೂ ಈ ದಾರಿ ಇದೆ.

ಅಕ್ಕಪಕ್ಕದ ಮನೆಯವರ ಸೊಪ್ಪು ಕೊಳ್ಳಲು ಆ ಅಕ್ಕ ಕೈಸಾಲ ತರುತ್ತಿದ್ದರು. ಬೆಳಿಗ್ಗೆ ಕೈಗೆ 900 ರೂಪಾಯಿ, ಸಂಜೆ ವಾಪಸ್ 1000. ಮಳೆ ಬಂದು ಸಂತೆ ಚದುರಿದರೂ, ಬಸಳೆ ಕಟ್ಟು ಬುಟ್ಟಿಯಲ್ಲೇ ಬಾಡಿದರೂ ಆ ನೂರು ಕೊಡಲೇಬೇಕು. ದುಡಿದವರ ಲಾಭವೆಲ್ಲ ಅಲ್ಲೇ ಹೋಯ್ತು, ಅಲ್ವಾ?

ಸ್ವನಿಧಿಯಲ್ಲಿ ಮೊದಲ ಸಾಲ 10,000 ಇತ್ತು. 2025ರಲ್ಲಿ ಅದನ್ನು 15,000ಕ್ಕೆ ಏರಿಸಿದ್ದಾರೆ. ಅದನ್ನು ತೀರಿಸಿದರೆ 25,000, ಮತ್ತೆ 50,000ದವರೆಗೆ. ಅಡವು ಇಡಬೇಕಿಲ್ಲ. ಬಡ್ಡಿ ಬ್ಯಾಂಕಿನ ದರದಲ್ಲೇ ಇರುತ್ತದೆ, ಆದರೆ ಕಂತು ತಪ್ಪದೆ ಕಟ್ಟಿದವರ ಖಾತೆಗೆ ಶೇ. 7ರ ಬಡ್ಡಿ ಸಹಾಯಧನ ಬರುತ್ತದೆ. ಸಾಲ ಕೊಡುವ ಅವಧಿ 2030ರ ಮಾರ್ಚ್ 31ರವರೆಗೆ ಇದೆ.

ಅರ್ಜಿ ತುಂಬುವಾಗ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಫೋನಿಗೆ ಬರುವ ಒಟಿಪಿಯಲ್ಲಿ. ಆಧಾರ್‌ಗೆ ಜೋಡಿಸಿದ್ದು ಮಗನ ನಂಬರ್, ಮಗ ಗೋವಾದಲ್ಲಿ ಕೆಲಸಕ್ಕೆ. ಆ ಅಕ್ಕನದ್ದೂ ಹಾಗೇ. ಫೋನ್ ಹಚ್ಚಿ, ಅವನು ಕೆಲಸ ಬಿಟ್ಟು ಹೊರಗೆ ಬಂದು ಅಂಕಿ ಓದಿ ಹೇಳುವಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು. ಬರುವ ಮೊದಲೇ ನಿಮ್ಮದೇ ನಂಬರ್ ಜೋಡಿಸಿಕೊಳ್ಳಿ.

ಮೀನು ಮಾರುವವರೂ ಕೇಳುತ್ತಾರೆ. ಜೂನ್, ಜುಲೈನಲ್ಲಿ ಟ್ರಾಲರ್ ಕಡಲಿಗೆ ಇಳಿಯುವುದಿಲ್ಲ, ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ. ಮೇ ತಿಂಗಳಲ್ಲೇ ಎರಡು ಕಂತಿನ ದುಡ್ಡು ತೆಗೆದಿಡಿ ಅಂತ ನಾನು ಹೇಳುತ್ತೇನೆ.

ನಗರಸಭೆಯವರಲ್ಲಿ ನನ್ನದೊಂದು ಬೇಡಿಕೆ. ರವಿವಾರ ಬೆಳಿಗ್ಗೆ ಸಂತೆಯಲ್ಲೇ ಒಂದು ಟೇಬಲ್ ಹಾಕಿ ಶಿಫಾರಸು ಪತ್ರದ ಅರ್ಜಿ ತೆಗೆದುಕೊಳ್ಳಿ. ವಾರದ ದಿನ ಕಚೇರಿಗೆ ಬಂದರೆ ಇವರಿಗೆ ಅವತ್ತಿನ ವ್ಯಾಪಾರವೂ ಹೋಗುತ್ತದೆ, ಬಸ್ ಹತ್ತಿ ಬಂದ ಹೊತ್ತೂ ಹೋಗುತ್ತದೆ.