ಚಿಗವ್ವನ ಬೋರಮಾಳ ಮತ್ತು ಹಟ್ಟಿಯ ಬಂಗಾರ

ರಾಯಚೂರು ಜಿಲ್ಲೆಯ ಹಟ್ಟಿ ಬಂಗಾರದ ಗಣಿ ನೋಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. 2025ರ ದೀಪಾವಳಿಗೆ ಊರಿಗೆ ಹೋದಾಗ ಚಿಗವ್ವ, "ಲಿಂಗಸುಗೂರಾಗ ನಂದೊಂದು ಕೆಲಸ ಐತಿ, ಕೂಡೇ ಹೋಗೋಣ ನಡಿ" ಅಂದಳು. ಮಸ್ಕಿಯಲ್ಲಿ ಒಗ್ಗರಣೆ, ಮಿರ್ಚಿ ತಿಂದು ಬಸ್ಸಿಗೆ ನಿಂತೆವು.

ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಇದೆ. 1915ರಲ್ಲಿ ಅದನ್ನು ಕಂಡವರು ಸಿ. ಬೀಡನ್ ಎಂಬ ಗಣಿ ಇಂಜಿನಿಯರ್. ಬಂಗಾರ ಹುಡುಕುವವರಿಗೆ ಸಿಕ್ಕಿದ್ದು ಅಶೋಕನ ಹೆಸರು ಕೊರೆದ ಬಂಡೆ. ದೊಡ್ಡವರಿಗೆ ಮಾತ್ರ ಈ ಗುರಿ ದಕ್ಕುತ್ತದೆ ಅಂದುಕೊಳ್ಳಬೇಡಿ, ಧರ್ಮದಿಂದ ನಡೆದರೆ ಸಣ್ಣವರಿಗೂ ದಕ್ಕುತ್ತದೆ ಅನ್ನುವ ಮಾತು ಅದರಲ್ಲಿದೆ. ಆ ಸಾಲು ಅವತ್ತಿಡೀ ನನ್ನ ತಲೆಯಲ್ಲಿತ್ತು.

ಕಂಡಕ್ಟರ್ ಬಂದಾಗ ಚಿಗವ್ವ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು. ಆಧಾರ್ ತೋರಿಸಿ ಜೀರೋ ಟಿಕೆಟ್ ತಗೊಂಡಳು. ಅದೇ ಕವರಿನಲ್ಲಿ ರೇಷನ್ ಕಾರ್ಡು, ಗೃಹಲಕ್ಷ್ಮಿ ದುಡ್ಡು ಬೀಳುವ ಪಾಸ್‌ಬುಕ್ಕು, ನಾಲ್ಕು ಮಡಿಕೆಯ ಒಂದು ಚೀಟಿ. ಮಡಿಕೆಯಲ್ಲಿ ಕಾಗದ ಹರಿಯುವಂತಾಗಿತ್ತು. ಅದು ಬೋರಮಾಳ, ಅಂದರೆ ಬಂಗಾರದ ಗುಂಡಿನ ಸರ, ಒತ್ತೆ ಇಟ್ಟ ಚೀಟಿ. ಎರಡು ತೊಲೆ. ಮಗಳ ನರ್ಸಿಂಗ್ ಫೀಸಿಗೆ ಅಂತ ಮೂರು ವರ್ಷದ ಹಿಂದೆ ಇಟ್ಟಿದ್ದು, ಅರವತ್ತು ಸಾವಿರ ರೂಪಾಯಿಗೆ. ಅಲ್ಲಿಂದ ವರ್ಷ ವರ್ಷ ಬಡ್ಡಿ ಕಟ್ಟಿ ಹೊಸ ಚೀಟಿ ಮಾಡಿಸುತ್ತಾಳೆ.

ಲಿಂಗಸುಗೂರಿನ ಆ ಆಫೀಸಿನಲ್ಲಿ ಹುಡುಗ ಕಂಪ್ಯೂಟರ್ ನೋಡಿ, "ರೇಟ್ ಏರೇತ್ರೀ ಅವ್ವಾರ. ಇದಕ್ಕೇ ಒಂದೂವರೆ ಲಕ್ಷದ ತನಕ ಕೊಡಬಹುದು" ಅಂದ. ಹತ್ತು ಗ್ರಾಂ ಬಂಗಾರ ಲಕ್ಷ ದಾಟಿದ ವರ್ಷ ಅದು. ಚಿಗವ್ವ ನನ್ನ ಮುಖ ನೋಡಿದಳು. ಸಂಘದ ಕಂತು ಎರಡು ಬಾಕಿ ಇದ್ದವು. ಕೊನೆಗೆ ಇಪ್ಪತ್ತು ಸಾವಿರ ಜಾಸ್ತಿ ಬರೆಸಿದಳು. ವರ್ಷದ ಬಡ್ಡಿ ಅದರಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು. ಒಂದು ಗುಂಡು ಬಂಗಾರವೂ ಹೆಚ್ಚಾಗಲಿಲ್ಲ. ಸಾಲ ಮಾತ್ರ ಎಂಬತ್ತು ಸಾವಿರ ಆಯಿತು. ಬಂಗಾರದ ಬೆಲೆ ಏರಿದರೆ ಇದ್ದವರು ಸಿರಿವಂತರಾಗುತ್ತಾರೆ ಅಂತ ನಾನು ತಿಳಿದಿದ್ದೆ.

ಹಟ್ಟಿಗೆ ಹೋಗುವಾಗ ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಒಳಗೆ ಬಿಡಲು ಮೊದಲೇ ಅನುಮತಿ ಬೇಕು, ಹಾಗಾಗಿ ಹೊರಗಿಂದಲೇ ನೋಡಿದೆವು. ಗಣಿಯೊಳಗೆ ಇಳಿಯುವ ಶಾಫ್ಟಿನ ಎತ್ತರದ ಕಬ್ಬಿಣದ ಗೋಪುರ, ಕಲ್ಲು ಅರೆದು ಬಂಗಾರ ತೆಗೆದ ಮೇಲೆ ಉಳಿದ ಬೂದು ಮಣ್ಣಿನ ದಿಬ್ಬ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಶುರುವಾದ ಕಂಪನಿ, ಈಗ ರಾಜ್ಯ ಸರ್ಕಾರದ್ದು. 2001ರಲ್ಲಿ ಕೆಜಿಎಫ್ ಮುಚ್ಚಿದ ಮೇಲೆ ದೇಶದಲ್ಲಿ ಬಂಗಾರ ತೆಗೆಯುವ ಮುಖ್ಯ ಗಣಿ ಇದೇ. ಒಂದು ಟನ್ ಕಲ್ಲು ಅರೆದರೆ ಸಿಗುವುದು ಕೆಲವೇ ಗ್ರಾಂ. ಇದೇ ರಾಯಚೂರು ಜಿಲ್ಲೆಯನ್ನು ಕೇಂದ್ರ ಸರ್ಕಾರ 2018ರಲ್ಲಿ, ಅಭಿವೃದ್ಧಿಯಲ್ಲಿ ಹಿಂದೆ ಉಳಿದ ಜಿಲ್ಲೆಗಳ ಯೋಜನೆಗೆ ಸೇರಿಸಿತು.

ಅಲ್ಲೇ ಬೇವಿನ ನೆರಳಲ್ಲಿ ಕೂತು ಲೆಕ್ಕ ಹಾಕಿದೆ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಲಕ್ಷದ ಲೆಕ್ಕದಲ್ಲೇ ಹಿಡಿದರೂ ಹತ್ತು ಗ್ರಾಮಿನ ಒಂದು ತೊಲೆಗೆ 270 ದಿನದ ದುಡಿಮೆ. ಆಗ ಒಂದು ಮನೆಗೆ ವರ್ಷಕ್ಕೆ ಖಾತ್ರಿ ಇದ್ದದ್ದು 100 ದಿನ. ಉಣ್ಣದೆ ಉಳಿಸಿದರೂ ಮೂರು ವರ್ಷ ಹತ್ತಿರ ಬೇಕು. ಅದಕ್ಕೇ ಅಲ್ವಾ ನಮ್ಮ ಜನ ಬೆಂಗಳೂರಿಗೆ ಗುಳೆ ಹೋಗೋದು?

2022ರಲ್ಲಿ ನಮ್ಮ ದೇಶ ಬ್ರಿಟನ್ನನ್ನು ಹಿಂದೆ ಹಾಕಿ ಜಗತ್ತಿನ ಐದನೇ ದೊಡ್ಡ ಆರ್ಥಿಕತೆ ಆಯಿತು. ಆಗ ನನಗೂ ಖುಷಿಯಾಗಿತ್ತು. ಆದರೆ ಅದನ್ನು ತಲೆಗೆ ಇಷ್ಟು ಅಂತ ಹಂಚಿದರೆ ನಮ್ಮಲ್ಲಿ ಒಬ್ಬರಿಗೆ 2025ರಲ್ಲೂ ವರ್ಷಕ್ಕೆ 3,000 ಡಾಲರ್ ಬರುತ್ತಿರಲಿಲ್ಲ. ಬ್ರಿಟನ್ನಿನಲ್ಲಿ 45,000ಕ್ಕೂ ಜಾಸ್ತಿ. ಅದೂ ಸರಾಸರಿ, ಚಿಗವ್ವನ ಪಾಲಿಗೆ ಅಷ್ಟೂ ಇಲ್ಲ. 2024ರ ಜನವರಿಯಿಂದ ಐದು ವರ್ಷ ಸುಮಾರು 81 ಕೋಟಿ ಜನರಿಗೆ ಪುಕ್ಕಟೆ ಧಾನ್ಯ ಕೊಡುವುದಾಗಿ ಸರ್ಕಾರ ಹೇಳಿದೆ. ಕೊಡಲೇಬೇಕು. ಅಷ್ಟು ಜನರಿಗೆ ಅದು ಬೇಕಾಗಿದೆ ಅನ್ನೋದನ್ನೂ ಐದನೇ ಸ್ಥಾನದ ಮಾತಾಡುವಾಗ ಹೇಳಬೇಕು.

ವಾಪಸ್ ಬರುವಾಗ ರಸ್ತೆ ಪಕ್ಕದ ಹೊಲದಲ್ಲಿ ಹತ್ತಿ ಒಡೆದಿತ್ತು. ಚಿಗವ್ವ ಹೊಸ ಚೀಟಿ ನನ್ನ ಕೈಗೆ ಕೊಟ್ಟು ತಾರೀಕು ಓದಿಸಿದಳು. ಬೆರಳಲ್ಲಿ ತಿಂಗಳು ಎಣಿಸಿದಳು.

"ಅಷ್ಟೊತ್ತಿಗೆ ಮುಂದಿನ ವರ್ಷದ ಹತ್ತಿನೂ ಬಿಡಿಸಾಕ ಬಂದಿರ್ತೈತಿ ಬಿಡಪಾ" ಅಂದು, ಚೀಟಿಯನ್ನು ರೇಷನ್ ಕಾರ್ಡಿನ ಕೆಳಗೆ ಇಟ್ಟು ಕವರಿಗೆ ರಬ್ಬರ್ ಬ್ಯಾಂಡ್ ಸುತ್ತಿದಳು.